ಕಾಲುವೆಯ ದಾರಿಯಲ್ಲಿ ವಿಜಯನಗರ

ಹಂಪಿಯನ್ನು ನೋಡುವುದಕ್ಕೆ ಪ್ರಶಸ್ತವಾದ ಕಾಲ ಯಾವುದೆಂದು ವಿಚಾರಿಸಿದರೆ, ನಮ್ಮ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಸೀಮೆಯ ಜನ ಒಂದೋ ಶಾಲಾಮಕ್ಕಳ ಪ್ರವಾಸದ ಬಸ್ಸುಗಳು ಹೊರಡುವ ಡಿಸೆಂಬರ್ ತಿಂಗಳನ್ನು ಹೇಳುತ್ತಾರೆ, ಇಲ್ಲವೆ ಸರ್ಕಾರದ ಉತ್ಸವ ನಡೆಯುವ ದಿನಗಳನ್ನು ಹೇಳುತ್ತಾರೆ. ಮೊದಲನೆಯದರಲ್ಲಿ ವಿಠ್ಠಲ ದೇವಾಲಯದ ಕಲ್ಲಿನ ರಥಕ್ಕಿಂತ ಅದರ ಮುಂದೆ ಭಾವಚಿತ್ರ ತೆಗೆಸಿಕೊಳ್ಳುವವರ ಬೆನ್ನುಗಳೇ ಹೆಚ್ಚಾಗಿ ಕಾಣುತ್ತವೆ. ಎರಡನೆಯದರಲ್ಲಿ ಧ್ವನಿವರ್ಧಕಗಳ ಅಬ್ಬರಕ್ಕೆ ಹೇಮಕೂಟದ ಬಂಡೆಗಳೂ ಬೆದರಿ ನಿಂತಂತೆ ತೋರುತ್ತವೆ. ಈ ಎರಡನ್ನೂ ಬಿಟ್ಟು, ಮಹಾಶಿವರಾತ್ರಿಯ ಜನಸಂದಣಿ ಕರಗಿದ ಮೇಲೆ, ಹೋಳಿಯ ಬಣ್ಣ ಚೆಲ್ಲುವುದಕ್ಕೆ ಮೊದಲು, ಫಾಲ್ಗುಣ ಶುದ್ಧದಲ್ಲಿ ಒಂದು ಹದಿನೈದು ದಿನಗಳ ಬಿಡುವು ದೊರೆಯುತ್ತದೆ. ಆ ವೇಳೆಗೆ ಶಿಶಿರದ ಒಣಗಾಳಿ ಇನ್ನೂ ಪೂರ್ಣವಾಗಿ ಹಿಂದೆಗೆದಿರುವುದಿಲ್ಲ, ವಸಂತವಾದರೋ ಮಾವಿನ ಹೂವಿನಲ್ಲಿಯೂ ಎಲೆಯುದುರಿಸಿ ಕೆಂಪಾಗಿ ಅರಳಿದ ಮುತ್ತುಗದಲ್ಲಿಯೂ ತನ್ನ ಆಗಮನವನ್ನು ಸಾರಿರುತ್ತದೆ, ಮತ್ತು ಬಳ್ಳಾರಿ ಸೀಮೆಯ ಬೇಸಿಗೆಯೆಂಬ ಕಠೋರ ಸತ್ಯ ಕೆಲವು ವಾರಗಳ ದೂರದಲ್ಲಿಯೇ ನಿಂತಿರುತ್ತದೆ. ಪಂಚಾಂಗವನ್ನು ನೋಡಿ, ಆ ವರ್ಷದ ಉತ್ಸವದ ತಾರೀಖನ್ನು ವಿಚಾರಿಸಿಕೊಂಡು, ಈ ಪಕ್ಷದಲ್ಲಿ ಹಂಪಿಗೆ ಹೋಗುವವನು ಜಾಣ.

ಆದರೆ ನಾನು ಈ ಕಾಲವನ್ನು ಹೊಗಳುತ್ತಿರುವುದು ಜನ ಕಡಿಮೆಯೆಂಬ ಒಂದೇ ಕಾರಣಕ್ಕಲ್ಲ. ಮಳೆಗಾಲದಲ್ಲಿ ಎಲ್ಲೆಲ್ಲಿಯೂ ನೀರಿರುವುದರಿಂದ ಯಾವುದು ಹಳ್ಳ, ಯಾವುದು ಕಾಲುವೆ ಎಂಬುದು ತಿಳಿಯುವುದಿಲ್ಲ. ವೈಶಾಖದಲ್ಲಿ ಎಲ್ಲವೂ ಒಣಗಿ ಬೂದಿಬಣ್ಣಕ್ಕೆ ತಿರುಗಿರುತ್ತದೆ. ಫಾಲ್ಗುಣದಲ್ಲಿಯಾದರೆ ಬೆಟ್ಟಗುಡ್ಡಗಳೆಲ್ಲ ಒಣಗಿ ನಿಂತಿದ್ದು, ಜಲಾಶಯದಲ್ಲಿ ನೀರು ಉಳಿದಿರುವ ವರ್ಷ, ಮನುಷ್ಯನು ಬೇಕೆಂದು ತಂದ ನೀರು ಎಲ್ಲಿ ಹರಿಯುತ್ತದೆಯೋ ಅಲ್ಲಿ ಮಾತ್ರ ಹಸುರು ಒಂದು ರೇಖೆಯಾಗಿ ಎದ್ದು ಕಾಣುತ್ತದೆ. ವಿಜಯನಗರವು ಕಾಲುವೆಗಳ ನಗರವೆಂಬುದು ಕಣ್ಣಿಗೆ ಗೋಚರವಾಗುವ ಋತು ಇದೊಂದೇ.

ಕಾಲುವೆಗಳ ನಗರವೆಂದ ಕೂಡಲೇ ವಿದ್ಯಾವಂತರ ಮನಸ್ಸು ವೆನಿಸಿಗೆ ಹಾರುತ್ತದೆ, ಇಲ್ಲವೆ ಆಮ್‌ಸ್ಟರ್‌ಡ್ಯಾಮಿಗೆ. ಅವು ದೋಣಿ ಸಾಗುವ ಕಾಲುವೆಗಳು. ಅಲ್ಲಿ ನೀರೇ ಬೀದಿ. ನಮ್ಮ ವಿಜಯನಗರದ ಕಾಲುವೆಗಳಾದರೋ ಗದ್ದೆಗೂ ತೋಟಕ್ಕೂ ಅರಮನೆಗೂ ದೇವರ ಅಭಿಷೇಕಕ್ಕೂ ನೀರೊದಗಿಸಲು ಹುಟ್ಟಿದವು. ಆದರೂ ಈ ಎರಡು ಬಗೆಯ ನಗರಗಳಿಗೆ ಒಂದು ಸಂಬಂಧವುಂಟು. ಸುಮಾರು 1420ರಲ್ಲಿ ವಿಜಯನಗರವನ್ನು ಕಂಡು, ಮುಂದೆ ತನ್ನ ಪ್ರವಾಸಕಥನವನ್ನು ಪೋಜಿಯೋ ಬ್ರಾಚೊಲೀನಿ ಎಂಬ ವಿದ್ವಾಂಸನ ಮುಂದೆ ನಿವೇದಿಸಿದ ನಿಕೊಲೊ ಕಾಂಟಿ ವೆನಿಸ್ ರಾಜ್ಯದ ವರ್ತಕನಾಗಿದ್ದನು. 1443ರಲ್ಲಿ ಪರ್ಷಿಯಾದ ಷಾರುಖ್ ದೊರೆಯ ರಾಯಭಾರಿಯಾಗಿ ಬಂದ ಅಬ್ದುರ್ ರಜಾಕನಂತೂ ಏಳು ಸುತ್ತಿನ ಕೋಟೆಯನ್ನೂ ರತ್ನದ ಅಂಗಡಿಗಳನ್ನೂ ಬಣ್ಣಿಸುವಾಗ, ನಯಗೊಳಿಸಿದ ಕೆತ್ತನೆಯ ಕಲ್ಲಿನ ನಾಲೆಗಳಲ್ಲಿ ಹರಿಯುತ್ತಿದ್ದ ನೀರನ್ನು ಪ್ರತ್ಯೇಕವಾಗಿ ನೆನೆದಿದ್ದಾನೆ. ಮರಳುಗಾಡಿನ ಅಂಚಿನ ಹೆರಾತಿನಿಂದ ಬಂದವನಿಗೆ ನೀರಿನ ಬೆಲೆ ಗೊತ್ತಿದ್ದುದರಲ್ಲಿ ಆಶ್ಚರ್ಯವೇನು? ನಮ್ಮ ಗೈಡುಗಳು ರತ್ನದ ಅಂಗಡಿಯನ್ನು ಇಂದಿಗೂ ಬಿಡದೆ ಹೇಳುತ್ತಾರೆ, ನಾಲೆಯನ್ನು ಮರೆತಿದ್ದಾರೆ.

ನಮ್ಮ ಜಿಲ್ಲೆಯವರಿಗೆ ಹಂಪಿ ದೂರವಲ್ಲ. ರಾತ್ರಿ ಬೆಂಗಳೂರಿನಿಂದ ಹೊರಡುವ ಹಂಪಿ ಎಕ್ಸ್‌ಪ್ರೆಸ್ಸು ಯಲಹಂಕ, ದೊಡ್ಡಬಳ್ಳಾಪುರಗಳನ್ನು ಹಾದು, ಮಾಕಳಿದುರ್ಗದ ಬುಡದಲ್ಲಿ ತಿರುಗಿ, ಗುಂತಕಲ್ಲು ಬಳ್ಳಾರಿಗಳ ಮಾರ್ಗವಾಗಿ ಬೆಳಗ್ಗೆ ಹೊಸಪೇಟೆಯನ್ನು ಮುಟ್ಟುತ್ತದೆ. ರಸ್ತೆಯಲ್ಲಿ ಹೋಗುವವರಿಗೆ ನೆಲಮಂಗಲದಿಂದ ತುಮಕೂರು, ಹಿರಿಯೂರು, ಚಿತ್ರದುರ್ಗ, ಕೂಡ್ಲಿಗಿಗಳ ಹೆದ್ದಾರಿಯಿದೆ. ನನಗೆ ರೈಲಿನ ದಾರಿಯೇ ಮೆಚ್ಚು. ಏಕೆಂದರೆ ಬೆಳಕು ಹರಿಯುವ ಹೊತ್ತಿಗೆ ಬಳ್ಳಾರಿಯ ಆಚೆಯ ಬಟ್ಟಬಯಲು, ಅಲ್ಲಲ್ಲಿ ಜಾಲಿಯ ಮೆಳೆ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಹೊಗೆ, ಇವುಗಳನ್ನೇ ನೋಡುತ್ತ ಬಂದ ಕಣ್ಣಿಗೆ ಹೊಸಪೇಟೆ ಸಮೀಪಿಸುತ್ತಲೇ ಕಬ್ಬೂ ಬಾಳೆಯೂ ತೆಂಗೂ ಇದ್ದಕ್ಕಿದ್ದಂತೆ ಎದುರಾಗುತ್ತವೆ. ಮಳೆ ಬೀಳುವ ಪ್ರಮಾಣ ಹತ್ತು ಹರಿದಾರಿಯೊಳಗೆ ಬದಲಾಗಿಲ್ಲ, ಬದಲಾದದ್ದು ಕಾಲುವೆ.

ಹೊಸಪೇಟೆಯಿಂದ ಕಮಲಾಪುರಕ್ಕೆ ಬಂದವರು ಮೊದಲು ಅಲ್ಲಿನ ಪುರಾತತ್ತ್ವ ವಸ್ತುಸಂಗ್ರಹಾಲಯದ ಅಂಗಳದಲ್ಲಿರುವ ಹಂಪಿಯ ದೊಡ್ಡ ಪ್ರತಿಕೃತಿಯನ್ನು ನೋಡಬೇಕೆಂಬುದು ನನ್ನ ಸಲಹೆ. ಬೆಟ್ಟ, ಹೊಳೆ, ಕೋಟೆ, ದೇವಾಲಯಗಳೆಲ್ಲ ಒಂದೇ ನೋಟಕ್ಕೆ ಸಿಕ್ಕುತ್ತವೆ. ಶುಕ್ರವಾರ ಮಾತ್ರ ಅದಕ್ಕೆ ರಜೆ. ಅಲ್ಲಿ ಕಂಡುದನ್ನು ನಿಜವಾಗಿ ಕಾಣಬೇಕಾದರೆ ಮತಂಗ ಪರ್ವತವನ್ನು ಹತ್ತಬೇಕು. ಸೂರ್ಯೋದಯಕ್ಕೆ ಮುಂಚೆ ಹತ್ತಿದರೆ ಕಲ್ಲು ತಣ್ಣಗಿರುತ್ತದೆ, ಒಂಬತ್ತು ಗಂಟೆಯ ಮೇಲೆ ಹತ್ತುವುದು ತಪಸ್ಸು. ಮೇಲೆ ನಿಂತು ಉತ್ತರಕ್ಕೆ ನೋಡಿದರೆ ತುಂಗಭದ್ರೆಯ ದಂಡೆಯುದ್ದಕ್ಕೂ ವಿರೂಪಾಕ್ಷ, ಅಚ್ಯುತರಾಯ, ವಿಠ್ಠಲ ದೇವಾಲಯಗಳ ಸಾಲು; ದಕ್ಷಿಣಕ್ಕೆ ನೋಡಿದರೆ ಅರಮನೆಗಳ ಪಾಯ, ಗಜಶಾಲೆ, ಕಮಲಮಹಲುಗಳಿರುವ ರಾಜಧಾನಿಯ ನೆಲ; ಈ ದೇವರ ಪಟ್ಟಣಕ್ಕೂ ದೊರೆಯ ಪಟ್ಟಣಕ್ಕೂ ನಡುವೆ, ಬಂಡೆಗಳ ಸಂದಿನಲ್ಲಿ, ಬಾಳೆ ಮತ್ತು ಕಬ್ಬಿನ ಒಂದು ದಟ್ಟ ಹಸುರಿನ ಕಣಿವೆ. ಆ ಕಣಿವೆಯೊಳಗೆ ಹರಿಯುವುದೇ ತುರ್ತು ಕಾಲುವೆ. ಶಾಸನಗಳಲ್ಲಿ ಹಿರಿಯ ಕಾಲುವೆಯೆಂದು ಬರುವುದೂ ಇದೇ ಎಂದು ವಿದ್ವಾಂಸರು ಭಾವಿಸುತ್ತಾರೆ. 1980ರಿಂದ ಅನೇಕ ವರ್ಷ ಇಲ್ಲಿ ಅಳತೆ ಮಾಡಿ ನಕ್ಷೆ ಬರೆದ ಜಾನ್ ಫ್ರಿಟ್ಸ್, ಜಾರ್ಜ್ ಮಿಚೆಲ್ ಎಂಬವರು ನಗರವನ್ನು ವಿಂಗಡಿಸಿದಾಗ ಈ ನೀರಾವರಿ ಕಣಿವೆಯನ್ನು ಅದರ ಒಂದು ಮುಖ್ಯ ಭಾಗವೆಂದೇ ಗಣಿಸಿದರು. ನಗರದ ಹೊಟ್ಟೆಯೊಳಗೇ ಗದ್ದೆಯನ್ನಿರಿಸಿಕೊಂಡ ರಾಜಧಾನಿ ಇದು. ಮುತ್ತಿಗೆ ಹಾಕಿದ ಶತ್ರು ಹೊರಗೆ ಕಾಯುತ್ತಿರುವಾಗಲೂ ಒಳಗೆ ಭತ್ತ ತೆನೆಬಿಡುತ್ತಿದ್ದಿತು.

ಈ ಕಾಲುವೆಗಳ ಮೂಲವಾದ ಅಣೆಗಳ ಕಟ್ಟೋಣವನ್ನು ಗಮನಿಸಿದರೆ ಆ ಕಾಲದವರ ಬುದ್ಧಿವಂತಿಕೆ ತಿಳಿಯುತ್ತದೆ. ಹೊಳೆಯನ್ನು ಪೂರ್ತಿಯಾಗಿ ತಡೆಯಬೇಕೆಂಬ ಅಹಂಕಾರ ಅವರಿಗಿರಲಿಲ್ಲ. ತುಂಗಭದ್ರೆಯು ಈ ಭಾಗದಲ್ಲಿ ಬಂಡೆಗಳ ನಡುವೆ ಕವಲೊಡೆದು ಹರಿಯುವುದರಿಂದ, ಒಂದು ಬಂಡೆಯಿಂದ ಇನ್ನೊಂದು ಬಂಡೆಗೆ ದೊಡ್ಡ ದೊಡ್ಡ ಕಲ್ಲುಗಳನ್ನು ಜೋಡಿಸಿ, ಅಗತ್ಯವಿದ್ದ ಕಡೆ ಕಬ್ಬಿಣದ ಹಿಡಿಕೆಯಿಂದ ಬಂಧಿಸಿ, ಅಡ್ಡಾದಿಡ್ಡಿಯಾಗಿ, ತಗ್ಗಾಗಿ ಕಟ್ಟಿದ ಕಟ್ಟೆಗಳು ಅವು. ಪ್ರವಾಹ ಬಂದರೆ ನೀರು ತಲೆಯ ಮೇಲೆ ಹರಿದುಹೋಗುತ್ತದೆ. ಹೊಳೆ ಇಳಿದರೆ ಒಂದು ಪಾಲು ನೀರು ಓರೆಯಾಗಿ ತಿರುಗಿ ಕಾಲುವೆಯ ಬಾಯಿಗೆ ಬರುತ್ತದೆ. ಅಲ್ಲಿಂದ ಮುಂದೆ ಕಾಲುವೆ ನೇರವಾಗಿ ಹೋಗುವುದೇ ಇಲ್ಲ. ನೆಲದ ಮಟ್ಟವನ್ನು ಹಿಡಿದು, ಎದುರಾದ ಬಂಡೆಯನ್ನು ಒಡೆಯುವ ಬದಲು ಸುತ್ತಿಬಳಸಿ, ಇಳಿಜಾರನ್ನು ಗೇಣುಗೇಣಾಗಿ ಖರ್ಚುಮಾಡುತ್ತ ಹರಿಯುತ್ತದೆ. ತಗ್ಗು ದಾಟಬೇಕಾದ ಕಡೆ ಕಲ್ಲಿನ ಕಂಬಗಳ ಮೇಲೆ ನೀರನ್ನೆತ್ತಿ ಸಾಗಿಸಿದರೆಂಬುದಕ್ಕೆ ಹಂಪಿಯ ಎದುರು ವಿರೂಪಾಪುರಗಡ್ಡೆಯಲ್ಲಿ ಮುರಿದು ನಿಂತಿರುವ, ಜನ ಬುಕ್ಕನ ಕಾಲದ್ದೆನ್ನುವ ಮೇಲ್ಗಾಲುವೆ ಸಾಕ್ಷಿಯಾಗಿದೆ. ರಾಯ, ಬಸವಣ್ಣ, ಬೆಲ್ಲ, ಕಾಳಘಟ್ಟ, ತುರ್ತು, ರಾಮಸಾಗರ, ಕಂಪ್ಲಿ, ಹುಲಿಗಿ, ಶಿವಪುರ, ಆನೆಗೊಂದಿ, ಗಂಗಾವತಿ, ಸಿರುಗುಪ್ಪ, ಬಿಚ್ಚಾಲಿ ಎಂದು ಹೊಳೆಯ ಎರಡೂ ದಂಡೆಗಳಲ್ಲಿ ಹರಡಿಕೊಂಡ ಈ ಕಾಲುವೆಗಳನ್ನು ನೀರಾವರಿ ಇಲಾಖೆ ಇಂದಿಗೂ ವಿಜಯನಗರ ಕಾಲುವೆಗಳೆಂದೇ ತನ್ನ ದಫ್ತರದಲ್ಲಿ ಬರೆಯುತ್ತದೆ. 1565ರಲ್ಲಿ ರಕ್ಕಸ-ತಂಗಡಿಯ ಯುದ್ಧದ ತರುವಾಯ ಅರಮನೆ ಸುಟ್ಟಿತು, ಬಜಾರು ಬರಿದಾಯಿತು, ದೊರೆಗಳು ಪೆನುಗೊಂಡೆಗೆ ನಡೆದರು. ಕಾಲುವೆ ಮಾತ್ರ ಹರಿಯುತ್ತಲೇ ಇದ್ದಿತು. ಏಕೆಂದರೆ ಅದರ ನೀರನ್ನು ಉಣ್ಣುವ ಒಕ್ಕಲು ಓಡಿಹೋಗಲಿಲ್ಲ.

ಈ ಮಾತಿನ ಅರ್ಥವನ್ನು ನಾನು ಪುಸ್ತಕದಲ್ಲಿ ಓದಿದ್ದಕ್ಕಿಂತ ಹೆಚ್ಚಾಗಿ ಕಣಿವೆಯ ಒಂದು ಬಾಳೆಯ ತೋಟದ ಅಂಚಿನಲ್ಲಿ ಕಂಡೆನು. ಧೋತರವನ್ನು ಮೊಣಕಾಲಿನ ಮೇಲಕ್ಕೆ ಕಟ್ಟಿದ್ದ ವೃದ್ಧರೊಬ್ಬರು ಸಲಿಕೆಯಿಂದ ಬದುವನ್ನು ಕಡಿದು ಒಂದು ಪಾತಿಗೆ ನೀರು ಬಿಡುತ್ತಿದ್ದರು. ಪಾತಿ ತುಂಬುತ್ತಲೇ ಕಡಿದ ಬಾಯಿಗೆ ಒಂದು ತುಂಡು ಬಾಳೆಯ ದಿಂಡನ್ನು ಅಡ್ಡವಿಟ್ಟು, ಅದರ ಮೇಲೆ ಎರಡು ಸಲಿಕೆ ಕೆಸರನ್ನು ಮೆತ್ತಿ, ಕಾಲಿನಿಂದ ತುಳಿದು ಗಟ್ಟಿಮಾಡಿ, ಮುಂದಿನ ಪಾತಿಯ ಬದುವಿಗೆ ನಡೆದರು. ನಿಂತು ನೋಡುತ್ತಿದ್ದ ನನ್ನನ್ನು ಕಂಡು, “ಯಾವೂರ್ರೀ ನಿಮ್ಮದು?” ಎಂದರು. ದೊಡ್ಡಬಳ್ಳಾಪುರವೆಂದೆನು. “ಆ ಕಡೆ ಹೊಳಿ ಐತೇನ್ರೀ?” ಎಂದು ಕೇಳಿದರು. ಅರ್ಕಾವತಿಯೆಂದು ಒಂದಿದೆ, ನಂದಿಬೆಟ್ಟದಲ್ಲಿ ಹುಟ್ಟಿ ನಮ್ಮೂರಿನ ಮೇಲೆಯೇ ಹೋಗುತ್ತದೆ, ಆದರೆ ಅದರಲ್ಲಿ ನೀರಿರುವುದು ಅಪರೂಪ ಎಂದು ವಿವರಿಸಿದೆನು. “ಹಂಗಾರ ಅದನ್ನ ಹೊಳಿ ಅಂತ ಯಾಕಂತೀರಿ?” ಎಂದು ನಕ್ಕು ಅವರು ಪುನಃ ಸಲಿಕೆಯನ್ನೆತ್ತಿಕೊಂಡರು. ಉತ್ತರ ನನ್ನ ಬಳಿ ಇರಲಿಲ್ಲ. ಕಾಲುವೆಯ ಹೂಳನ್ನು ಯಾರು ತೆಗೆಯುತ್ತಾರೆಂದು ನಾನು ಕೇಳಿದ್ದಕ್ಕೆ, ಸರ್ಕಾರದವರು ತೆಗೆದರೆ ತೆಗೆದರು, ಇಲ್ಲವಾದರೆ ನೀರು ನಿಂತ ದಿನಗಳಲ್ಲಿ ತಮ್ಮತಮ್ಮ ಹೊಲದ ಮುಂದಿನದನ್ನು ತಾವೇ ತೆಗೆದುಕೊಳ್ಳುವುದೆಂದು ಹೇಳಿದರು.

ಅಲ್ಲಿಂದ ಹತ್ತಿರದಲ್ಲಿಯೇ, 1515ರಲ್ಲಿ ಉದಯಗಿರಿಯ ವಿಜಯದ ಸ್ಮರಣೆಗಾಗಿ ಕೃಷ್ಣದೇವರಾಯನು ಪ್ರತಿಷ್ಠಾಪಿಸಿದ ಬಾಲಕೃಷ್ಣನ ದೇವಾಲಯದಿಂದ ಸ್ವಲ್ಪ ದಕ್ಷಿಣಕ್ಕೆ, ಉಗ್ರನರಸಿಂಹನ ಮಹಾವಿಗ್ರಹದ ಪಕ್ಕದಲ್ಲಿ, ಬಡವಿಲಿಂಗದ ಚಿಕ್ಕ ಗುಡಿಯಿದೆ. ನರಸಿಂಹನ ಗಾತ್ರಕ್ಕೆ ಮರುಳಾದ ಪ್ರವಾಸಿಗಳು ಇದನ್ನು ಒಮ್ಮೆ ಇಣುಕಿ ಮುಂದೆ ಹೋಗುತ್ತಾರೆ. ನೀವು ಹಾಗೆ ಮಾಡಬೇಡಿರಿ. ಆಳೆತ್ತರಕ್ಕಿಂತ ಎಷ್ಟೋ ಮಿಗಿಲಾದ, ಒಂದೇ ಶಿಲೆಯಲ್ಲಿ ಕಡೆದ ಈ ಲಿಂಗದ ಪಾಣಿಪೀಠ ಯಾವಾಗಲೂ ನೀರಿನಲ್ಲಿ ನಿಂತಿರುತ್ತದೆ. ಕಾಲುವೆಯ ನೀರು ಗರ್ಭಗುಡಿಯನ್ನು ಹೊಕ್ಕು ಹೊರಬೀಳುವಂತೆ ಕಟ್ಟಿದ್ದಾರೆ. ಚಾವಣಿ ಬಹುಭಾಗ ಬಿದ್ದುಹೋಗಿರುವುದರಿಂದ ಬೆಳಗಿನ ಬಿಸಿಲು ನೇರವಾಗಿ ನೀರಿನ ಮೇಲೆ ಬೀಳುತ್ತದೆ. ಅಲುಗುವ ಬೆಳಕು ಕಪ್ಪುಕಲ್ಲಿನ ಮೈಮೇಲೆ ಹರಿದಾಡುತ್ತದೆ. ಬಾಗಿಲ ಬಳಿ ಕೂತು ಗಮನಿಸಿದರೆ ನೀರಿನಲ್ಲಿ ಬಿದ್ದ ಒಂದು ಬಿಲ್ವದಳ ನಿಧಾನವಾಗಿ ಲಿಂಗವನ್ನು ಬಳಸಿ ಇನ್ನೊಂದು ಮೂಲೆಗೆ ಸರಿಯುವುದು ಕಾಣುತ್ತದೆ; ನೀರು ನಿಂತಿಲ್ಲ, ನಡೆಯುತ್ತಿದೆ. ಬಡವಿಯೊಬ್ಬಳು ಮಾಡಿಸಿದ ಲಿಂಗವೆಂಬ ಕಥೆ ನಿಜವೋ ಸುಳ್ಳೋ, ಅಭಿಷೇಕಕ್ಕೆ ಕೊಡ ಹೊರುವವರಿಲ್ಲದ ದೇವರಿಗೆ ಕಾಲುವೆಯೇ ಅಭಿಷೇಕ ಮಾಡಲೆಂದು ಯೋಚಿಸಿದ ಶಿಲ್ಪಿ ಸಾಮಾನ್ಯನಲ್ಲ. ಅರಮನೆಯ ದಾರಿಯಲ್ಲಿರುವ ನೆಲಮಾಳಿಗೆಯ ಶಿವಾಲಯದಲ್ಲಿಯೂ, ಅಂದರೆ ಪ್ರಸನ್ನ ವಿರೂಪಾಕ್ಷನ ಗುಡಿಯಲ್ಲಿಯೂ, ಅನೇಕ ವೇಳೆ ಒಳಾಂಗಣದಲ್ಲಿ ನೀರು ನಿಂತಿರುತ್ತದೆ; ಅಲ್ಲಿ ಮಾತ್ರ ಅದು ಶಿಲ್ಪಿಯ ಉದ್ದೇಶವಲ್ಲ, ತಗ್ಗಿನ ನೆಲದ ಫಲ.

ರಾಜಾಂಗಣದ ಕಥೆ ಬೇರೆ. ಮಹಾನವಮಿ ದಿಬ್ಬದ ಬಳಿ 1980ರ ದಶಕದ ಉತ್ಖನನದಲ್ಲಿ ಮಣ್ಣಿನಡಿಯಿಂದ ಎದ್ದುಬಂದ ಮೆಟ್ಟಿಲುಗಳ ಪುಷ್ಕರಣಿಯನ್ನು ನೋಡಿ ಬೆರಗಾಗದವರಿಲ್ಲ. ಕಪ್ಪುಶಿಲೆಯ ಒಂದೊಂದು ತುಂಡಿನ ಮೇಲೂ ಅದು ಯಾವ ದಿಕ್ಕಿನದು, ಯಾವ ಸಾಲಿನದು ಎಂಬುದನ್ನು ಸೂಚಿಸುವ ಗುರುತುಗಳಿವೆ. ಬೇರೆಲ್ಲಿಯೋ ಕಡೆದು ತಂದು ಇಲ್ಲಿ ಜೋಡಿಸಿದರೆಂದು ತೋರುತ್ತದೆ. ಅದಕ್ಕೆ ನೀರು ತರುತ್ತಿದ್ದ ಕಲ್ಲಿನ ದೋಣಿಯಂಥ ನಾಲೆ ಕಂಬಗಳ ಮೇಲೆ ನಿಂತೇ ಇದೆ, ಪುಷ್ಕರಣಿಯೂ ಇದೆ, ನಾಲೆಯಲ್ಲಿ ನೀರಿಲ್ಲ. ರಾಣಿಯ ಸ್ನಾನಗೃಹದ ಸುತ್ತ ಕಂದಕವಿದೆ, ಅದರಲ್ಲಿ ಹುಲ್ಲು. ಎರಡು ಬದಿಗೂ ಕಲ್ಲಿನಲ್ಲಿಯೇ ಊಟದ ತಟ್ಟೆಗಳನ್ನು ಕೊರೆದಿರುವ ನಾಲೆಯೊಂದುಂಟು. ಜನ ಅದನ್ನು ಭೋಜನಶಾಲೆಯೆನ್ನುತ್ತಾರೆ. ಕೈತೊಳೆಯುವುದಕ್ಕೂ ಅಲ್ಲಿ ಈಗ ಹನಿ ನೀರಿಲ್ಲ. ಕೆತ್ತನೆಯ ಕಲ್ಲಿನಲ್ಲಿ ಮಾಡಿದ ನಾಲೆ ಒಣಗಿದೆ. ಮಣ್ಣಿನಲ್ಲಿ ತೋಡಿದ ಕಾಲುವೆ ಹರಿಯುತ್ತಿದೆ. ಒಂದಕ್ಕೆ ಒಡೆಯನೊಬ್ಬನಿದ್ದನು, ಇನ್ನೊಂದಕ್ಕೆ ಒಕ್ಕಲಿದ್ದರು. ಈ ಜಲವ್ಯವಸ್ಥೆಯ ಮೇಲೆ ಒಂದು ಇಡೀ ಗ್ರಂಥವನ್ನೇ 1997ರಲ್ಲಿ ಪ್ರಕಟಿಸಿದ ಡಾಮಿನಿಕ್ ಡೇವಿಸನ್-ಜೆಂಕಿನ್ಸ್‌ರಂಥ ಸಂಶೋಧಕರು ಬೇರೆ ಬೇರೆ ಕಾರಣಗಳನ್ನು ಹೇಳಿಯಾರು. ನನಗೆ ತೋರಿದ್ದು ಇಷ್ಟು.

ಇದಕ್ಕೆ ಇನ್ನೂ ದೊಡ್ಡ ಉದಾಹರಣೆ ಹೊಸಪೇಟೆಯ ದಕ್ಷಿಣಕ್ಕಿದೆ. ಕೃಷ್ಣದೇವರಾಯನು ನಾಗಲಾಪುರವನ್ನು, ಅಂದರೆ ಇಂದಿನ ಹೊಸಪೇಟೆಯನ್ನು ನಿರ್ಮಿಸಿದಾಗ, ಅದರ ಮಗ್ಗುಲಲ್ಲಿ ಎರಡು ಗುಡ್ಡಗಳ ಬಾಯಿ ಮುಚ್ಚಿ ಒಂದು ಮಹಾತಟಾಕವನ್ನು ಕಟ್ಟಿಸಿದನು. ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಆ ಕೆಲಸ ನಡೆಯುವಾಗಲೇ ಅದನ್ನು ಕಣ್ಣಾರೆ ಕಂಡು, ಹದಿನೈದು ಇಪ್ಪತ್ತು ಸಾವಿರ ಜನ ಅಲ್ಲಿ ದುಡಿಯುತ್ತಿದ್ದರೆಂದು ಅಂದಾಜು ಬರೆದಿದ್ದಾನೆ. ಏರಿ ಮತ್ತೆ ಮತ್ತೆ ಒಡೆದದ್ದರಿಂದ ನರಬಲಿಯಾಯಿತೆಂಬ ಘೋರ ವಾರ್ತೆಯನ್ನೂ ದಾಖಲಿಸಿದ್ದಾನೆ. ಸ್ವಲ್ಪ ತರುವಾಯ ಬಂದ ಫೆರ್ನಾವೊ ನೂನಿಜ್, ಗೋವೆಯಿಂದ ಜೊವಾವೊ ದೆ ಲಾ ಪೊಂಟೆ ಎಂಬ ಶಿಲ್ಪಿಯನ್ನು ಕರೆಯಿಸಿಕೊಂಡ ಸಂಗತಿಯನ್ನೂ, ಆ ನೀರಿನಿಂದ ಸಾಗುವಳಿಯಾಗುವ ಭೂಮಿಗೆ ಒಂಬತ್ತು ವರ್ಷಗಳ ಕಾಲ ಕಂದಾಯವನ್ನು ಮನ್ನಾ ಮಾಡಿದ ಸಂಗತಿಯನ್ನೂ ತಿಳಿಸುತ್ತಾನೆ. ಒಕ್ಕಲಿಗನಿಗೆ ನೆಲವನ್ನು ಹದಗೊಳಿಸಲು ಒಂಬತ್ತು ವರ್ಷ ಕೊಟ್ಟ ಸರ್ಕಾರ ಎಂದರೆ ಇಂದಿನ ಸಾಲಗಾರ ರೈತನಿಗೆ ನಂಬುವುದು ಕಷ್ಟ. ಈ ವೃತ್ತಾಂತಗಳೆಲ್ಲ 1900ರಲ್ಲಿ ರಾಬರ್ಟ್ ಸಿವೆಲ್ಲನ ಗ್ರಂಥದ ಮೂಲಕ ನಮಗೆ ದೊರೆತುವು. ಅಷ್ಟು ವೈಭವದಿಂದ ಕಟ್ಟಿದ ಆ ರಾಯರ ಕೆರೆ ಈಗ ಕೆರೆಯಾಗಿ ಉಳಿದಿಲ್ಲ. ಏರಿಯಿದೆ, ಒಳಗೆ ಹೊಲಗಳಿವೆ. ಕಮಲಾಪುರದ ಹಳೆಯ ಕೆರೆಯಾದರೋ ಯಾವ ವಿದೇಶೀ ಶಿಲ್ಪಿಯ ಹೆಸರೂ ಇಲ್ಲದೆ ಇಂದಿಗೂ ಕಾಲುವೆಯ ನೀರನ್ನುಂಡು ತುಂಬಿಕೊಂಡಿರುತ್ತದೆ; ಸಂಜೆ ಅದರ ಏರಿಯ ಮೇಲೆ ನಡೆಯುವುದು ಫಾಲ್ಗುಣದ ಪ್ರವಾಸಿಗೆ ಸಿಗುವ ಸುಖಗಳಲ್ಲಿ ಒಂದು.

ಕೆರೆ ಕಟ್ಟುವ ಶಾಸ್ತ್ರ ಅವರಿಗೆ ಗೊತ್ತಿರಲಿಲ್ಲವೆನ್ನುವಂತಿಲ್ಲ. ಒಂದನೆಯ ಬುಕ್ಕರಾಯನ ಮಗನಾದ ಭಾಸ್ಕರನು, ಅವನನ್ನು ಭವದೂರನೆಂದೂ ಕರೆಯುತ್ತಿದ್ದರು, ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ಕಟ್ಟಿಸಿದ ಕೆರೆಯ 1369ರ ಶಾಸನದಲ್ಲಿ, ಒಳ್ಳೆಯ ತಟಾಕಕ್ಕೆ ಬೇಕಾದ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಎಣಿಸಿದ್ದಾರೆ. ಧರ್ಮಿಷ್ಠನಾದ ದೊರೆ, ಜಲಶಾಸ್ತ್ರವನ್ನು ಬಲ್ಲ ಬ್ರಾಹ್ಮಣ, ಗಟ್ಟಿಯಾದ ನೆಲ, ಸಿಹಿನೀರಿನ ಹೊಳೆ ಎಂದು ಮುಂತಾಗಿ ಅಂಗಗಳು. ಸೋರುವ ಏರಿ, ಚೌಳುನೆಲ ಎಂದು ಮುಂತಾಗಿ ದೋಷಗಳು. ಆ ದೋಷಗಳಲ್ಲಿ ಎರಡು ರಾಜ್ಯಗಳ ಗಡಿಯಲ್ಲಿ ಕೆರೆಯಿರುವುದೂ ಒಂದು! ಕರ್ನಾಟಕ, ಆಂಧ್ರಪ್ರದೇಶ, ತೆಲಂಗಾಣಗಳ ಅಧಿಕಾರಿಗಳು ತುಂಗಭದ್ರಾ ಮಂಡಳಿಯ ಸಭೆಯಲ್ಲಿ ಕೂತು ನೀರಿನ ಪಾಲನ್ನು ಲೆಕ್ಕ ಹಾಕುವಾಗ ಈ ಶಾಸನದ ಪ್ರತಿಯೊಂದನ್ನು ಗೋಡೆಯ ಮೇಲೆ ತೂಗುಹಾಕಿಕೊಳ್ಳಬಹುದು.

ಅಣೆಕಟ್ಟಿನ ಮಾತು ಬಂದಿತಾದ್ದರಿಂದ ಹೇಳಬೇಕು. 1945ರಲ್ಲಿ ಆರಂಭವಾಗಿ 1953ರಲ್ಲಿ ಮುಗಿದ ತುಂಗಭದ್ರಾ ಜಲಾಶಯವು ಮೇಲ್ಗಡೆಯ ಕೆಲವು ಪ್ರಾಚೀನ ಅಣೆಗಳನ್ನು ತನ್ನ ಒಡಲಲ್ಲಿ ಮುಳುಗಿಸಿಕೊಂಡಿತು. ರಾಯ ಮತ್ತು ಬಸವಣ್ಣ ಕಾಲುವೆಗಳಿಗೆ ಈಗ ಆ ಜಲಾಶಯದಿಂದಲೇ ನೀರು ದೊರೆಯುತ್ತದೆ. ಕಟ್ಟಿದಾಗ 133 ಟಿಎಂಸಿ ಅಡಿ ನೀರು ಹಿಡಿಯುತ್ತಿದ್ದ ಅದು ಹೂಳು ತುಂಬಿದ ಕಾರಣ ಈಗ ಹಿಡಿಯುವುದು ಸುಮಾರು 105 ಮಾತ್ರ. 2024ರ ಆಗಸ್ಟ್ 10ರ ರಾತ್ರಿ ಅದರ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ ನಾಡಿಗೆ ನಾಡೇ ಉಸಿರು ಬಿಗಿಹಿಡಿದು ಕೂತಿತು. ಗೇಟೇ ಇಲ್ಲದ ಹಳೆಯ ಕಲ್ಲಿನ ಅಣೆಗಳಿಗೆ ಇಂಥ ಭಯವಿರಲಿಲ್ಲವೆಂದು ಹೇಳಿದರೆ ಅದು ಅರ್ಧಸತ್ಯವಾದೀತು. ಅವು ಸಾಕಿದ ಜನರ ಸಂಖ್ಯೆಯೂ ಅಲ್ಪ. ಆದರೂ ಇತ್ತೀಚಿನ ವರ್ಷಗಳಲ್ಲಿ ಹಳೆಯ ಕಾಲುವೆಗಳ ಮಗ್ಗುಲುಗಳಿಗೆ ಆಧುನೀಕರಣದ ಹೆಸರಿನಲ್ಲಿ ಕಾಂಕ್ರೀಟು ಬಳಿಯುತ್ತಿರುವುದನ್ನು ಕಂಡಾಗ ನನ್ನ ಮನಸ್ಸು ಇಬ್ಬಂದಿಯಾಗುತ್ತದೆ. ಕಡೆಯ ಹೊಲದವನಿಗೂ ನೀರು ಮುಟ್ಟಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆರು ಶತಮಾನ ನೀರು ಕುಡಿದು ಗಟ್ಟಿಯಾದ ದಂಡೆಯನ್ನು ಕಿತ್ತು ಎಸೆಯುವ ಮುನ್ನ ಪುರಾತತ್ತ್ವದವರನ್ನೂ ಆ ದಂಡೆಯ ರೈತನನ್ನೂ ಒಂದೇ ಜಾಗದಲ್ಲಿ ನಿಲ್ಲಿಸಿ ಕೇಳಬೇಕು. 1986ರಲ್ಲಿ ಹಂಪಿಯ ಸ್ಮಾರಕಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಹರಿಯುವ ಕಾಲುವೆಗೆ ಕಲ್ಲಿನ ಮಂಟಪಕ್ಕೆ ಸಿಕ್ಕಷ್ಟು ಗೌರವ ಇನ್ನೂ ಸಿಕ್ಕಿಲ್ಲ.

ಈ ಎಲ್ಲ ಸಂಗತಿ ನಮ್ಮ ಸೀಮೆಗೆ ಹೇಗೆ ಸಂಬಂಧಿಸುತ್ತದೆಂದು ಯಾರಾದರೂ ಕೇಳಬಹುದು. ದೇವನಹಳ್ಳಿಯ ಸಮೀಪದ ಆವತಿಯಲ್ಲಿ ನೆಲೆನಿಂತ ನಾಡಪ್ರಭುಗಳು ವಿಜಯನಗರದ ಅಧೀನರಾಗಿದ್ದವರು. ದೇವನಹಳ್ಳಿಯ ಮೊದಲ ಮಣ್ಣಿನ ಕೋಟೆಯನ್ನು 1501ರಲ್ಲಿ ಕಟ್ಟಿಸಿದ ಮಲ್ಲಬೈರೇಗೌಡನೂ ಆ ಮನೆತನದವನೇ. ಅದೇ ಮೂಲದ ಯಲಹಂಕದ ಕೆಂಪೇಗೌಡನು ರಾಜಧಾನಿಯ ವೈಭವವನ್ನು ಕಂಡು ಬಂದು ಅಂಥದೊಂದು ಪಟ್ಟಣವನ್ನು ಕಟ್ಟಬೇಕೆಂದು ಹಂಬಲಿಸಿ 1537ರಲ್ಲಿ ಬೆಂಗಳೂರಿನ ಕೋಟೆಗೆ ಕೈಹಾಕಿದನೆಂದೂ, ಮುಂದೆ ಸ್ವಂತ ನಾಣ್ಯ ಹಾಕಿಸಿದ ಅಪರಾಧಕ್ಕಾಗಿ ಅಳಿಯ ರಾಮರಾಯನು ಅವನನ್ನು ಆನೆಗೊಂದಿಯಲ್ಲಿ ಐದು ವರ್ಷ ಸೆರೆಯಿಟ್ಟನೆಂದೂ ಪ್ರತೀತಿಯಿದೆ. ಆ ಸೆರೆಯ ಕಿಟಕಿಯಿಂದ ಅವನಿಗೆ ಹೊಳೆ ಕಂಡಿತೋ ಇಲ್ಲವೋ ಬಲ್ಲವರಾರು? ಅಂತೂ ನಮ್ಮ ನಾಡಪ್ರಭುಗಳಿಗೆ ತುಂಗಭದ್ರೆಯಂಥ ಹೊಳೆ ಇರಲಿಲ್ಲ. ಬತ್ತದ ನದಿಯೊಂದೂ ಇಲ್ಲದ ಈ ಎತ್ತರದ ನೆಲದಲ್ಲಿ ಅವರು ಕೆರೆಯ ಕೆಳಗೆ ಕೆರೆ, ಅದರ ಕೆಳಗೆ ಇನ್ನೊಂದು ಕೆರೆ ಎಂದು ಸರಪಳಿಯಾಗಿ ಕಟ್ಟಿ, ಒಂದರ ಕೋಡಿಯ ನೀರು ಮತ್ತೊಂದಕ್ಕೆ ಇಳಿಯುವಂತೆ ಕಾಲುವೆಗಳನ್ನು ತೋಡಿಸಿದರು. ತೂಬೆತ್ತಿ ಅಚ್ಚುಕಟ್ಟಿಗೆ ನೀರು ಹಂಚಲು ನೀರುಗಂಟಿಗಳನ್ನು ನೇಮಿಸಿ ಇನಾಮು ಕೊಟ್ಟರು. ದೊಡ್ಡಬಳ್ಳಾಪುರದ ನಗರ ಕೆರೆ, ಹೊಸಕೋಟೆಯ ದೊಡ್ಡ ಕೆರೆ, ಎಲ್ಲವೂ ಆ ವ್ಯವಸ್ಥೆಯ ಮಣಿಗಳು.

ಈಗ ನೀರುಗಂಟಿಯೂ ಇಲ್ಲ, ಬಹುಕಡೆ ಕಾಲುವೆಯೂ ಇಲ್ಲ. ಅರ್ಕಾವತಿ, ದಕ್ಷಿಣ ಪಿನಾಕಿನಿಗಳ ಕೊಳ್ಳದಲ್ಲಿ ನೀಲಗಿರಿ ಬೆಳೆಯಿತು, ಕೊಳವೆಬಾವಿ ಸಾವಿರ ಅಡಿಯ ಕೆಳಗಿಳಿಯಿತು, ರಾಜಕಾಲುವೆಯ ಮೇಲೆ ಬಡಾವಣೆ ಎದ್ದಿತು. ಹೆಬ್ಬಾಳ-ನಾಗವಾರ ಕಣಿವೆಯ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರು ಕೊಳವೆಗಳ ಮೂಲಕ ದೇವನಹಳ್ಳಿಯ ಕಡೆಯ ಕೆರೆಗಳಿಗೆ ಬರುತ್ತಿದೆ. ಎತ್ತಿನಹೊಳೆಯ ನೀರಿನ ನಿರೀಕ್ಷೆಯಂತೂ ಇದ್ದೇ ಇದೆ. ದೂರದ ನೀರಿಗಾಗಿ ನೂರು ಹರಿದಾರಿ ಕೊಳವೆ ಹಾಕಬಲ್ಲ ನಾವು ಊರ ಕೆರೆಗೆ ಬರುವ ಅರ್ಧ ಹರಿದಾರಿಯ ಕಾಲುವೆಯನ್ನು ತೆರೆದಿಡಲಾರೆವು. ಇದನ್ನು ಬಡತನವೆನ್ನುವಂತಿಲ್ಲ, ಸೋಮಾರಿತನವೆನ್ನಬೇಕು.

ಹಂಪಿಗೆ ಹೋಗುವವರಿಗೆ ಕೊನೆಯದಾಗಿ ಒಂದೆರಡು ಮಾತು. ಬೆಳಗ್ಗೆ ಆರರಿಂದ ಹತ್ತು, ಸಂಜೆ ನಾಲ್ಕರಿಂದ ಕತ್ತಲಾಗುವವರೆಗೆ ತಿರುಗಾಡಿ, ನಡುಹಗಲನ್ನು ನೆರಳಿಗೆ ಬಿಟ್ಟುಕೊಡಿರಿ. ಫಾಲ್ಗುಣವಾದರೂ ಅಲ್ಲಿನ ಮಧ್ಯಾಹ್ನ ನಮ್ಮ ಚೈತ್ರಕ್ಕಿಂತ ಬಿಸಿ. ಕಮಲಾಪುರದಲ್ಲಿ ಬಾಡಿಗೆಯ ಸೈಕಲ್ಲು ದೊರೆತರೆ ಕಾಲುವೆಯ ದಂಡೆ ಹಿಡಿದು ಹೋಗುವುದಕ್ಕೆ ಅದಕ್ಕಿಂತ ಉತ್ತಮವಾದ ವಾಹನವಿಲ್ಲ. ತಳವಾರಘಟ್ಟದಿಂದ ಆನೆಗೊಂದಿಯ ಕಡೆಗೆ ಹರಿಗೋಲು ಹಾಕುತ್ತಿದ್ದರೆ ಒಮ್ಮೆ ಹತ್ತಿರಿ. ಪಯಸ್ ಕಂಡ, ಬೆತ್ತದಿಂದ ಹೆಣೆದು ತೊಗಲು ಹೊದಿಸಿದ ದುಂಡು ದೋಣಿಯ ಸಂತತಿಯೇ ಅದು, ತೊಗಲಿನ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಬಂದಿದೆ, ಅಷ್ಟೆ. ಬಡವಿಲಿಂಗದ ನೀರಿಗೆ ನಾಣ್ಯವನ್ನೂ, ಕಾಲುವೆಗೆ ನೀರಿನ ಬಾಟಲಿಯನ್ನೂ ಎಸೆಯಬೇಡಿರಿ. ಮುಂದಿನ ಮಡೆಯಲ್ಲಿ ಅದನ್ನು ಕೈಯಿಂದ ಎತ್ತಿ ತೆಗೆಯಬೇಕಾದವನು ಯಾರದೋ ತೋಟದ ಆಳು. ಊರಿಗೆ ಮರಳಿದ ಮೇಲೆ, ಮುಂದಿನ ಗ್ರಾಮಸಭೆಗೆ ಹೋಗಿ, ನಿಮ್ಮ ಊರ ಕೆರೆಗೆ ನೀರು ತರುವ ಕಾಲುವೆಯ ಹೂಳೆತ್ತುವ ಕೆಲಸವನ್ನು ಮಳೆಗೆ ಮೊದಲು ಕ್ರಿಯಾಯೋಜನೆಗೆ ಸೇರಿಸಬೇಕೆಂದು ಒಂದು ಅರ್ಜಿಯನ್ನು ಬರೆದು ಕೊಡಿರಿ. ಅರ್ಜಿಯ ಜತೆಗೆ ಆ ಕಾಲುವೆಯ ಸರ್ವೆ ನಂಬರನ್ನು ನಮೂದಿಸಲು ಮರೆಯಬೇಡಿರಿ.